ಕಿಟಕಿ ಸೀಟು

ಗೊರಕೆ ಕೇಳಿಸಲಿಲ್ಲ. ಟೈಲರಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ, ಕಿರುಬೆರಳಿಗೆ ಸುತ್ತಿದ್ದ ದಾರ ಜಗ್ಗಲು ಹೊರಟವಳು ತಡೆದುಕೊಂಡಳು. ದಾರದ ಇನ್ನೊಂದು ತುದಿ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಗಳ ಮಣಿಕಟ್ಟಿನಲ್ಲಿತ್ತು.

ಡೌನ್ ಸಿಂಡ್ರೋಮ್ ಇದ್ದ ಆ ಮಗುವಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುತ್ತಿತ್ತು. ಗೊರಕೆ ತಟ್ಟನೆ ನಿಂತಿತೆಂದರೆ ದಾರ ಜಗ್ಗಿ ಎಬ್ಬಿಸಬೇಕು. ಎದ್ದವಳು ಪ್ರತಿ ಸಲ ಮುಖ ಊದಿಸಿಕೊಂಡು, "ಬಸ್ ಹತ್ತೋಷ್ಟ್ರಲ್ಲೇ ಎಳೀತೀಯಲ್ಲಮ್ಮ!" ಎಂದು ಕನಸಿನ ಜಗಳ ತೆಗೆಯುವಳು. ಆ ಬಸ್ಸು ಎಲ್ಲಿಗೆ ಹೋಗುತ್ತದೋ ತಿಳಿಯಬೇಕೆಂಬ ಆಸೆ ತಾಯಿಗೂ ಇತ್ತು.

ಇವತ್ತು ಮಗಳ ಮೂಗಿನ ಮೇಲೆ ಗಾಳಿ ಊದುವ ಹೊಸ ಮೆಷಿನ್ನಿನ ಮಾಸ್ಕ್ ಇತ್ತು. "ಇನ್ಮೇಲೆ ಗೊರಕೆ ಇರಲ್ಲ, ಗಾಬರಿ ಆಗ್ಬೇಡಿ. ಅವಳನ್ನ ಈ ಮೆಷಿನ್ ನೋಡ್ಕೊಳ್ಳುತ್ತೆ, ನೀವು ನಿಮ್ಮ ಮೆಷಿನ್ ನೋಡ್ಕೊಳ್ಳಿ," ಎಂದಿದ್ದಳು ನರ್ಸ್. ಮಗಳ ಎದೆ ಸಮನಾಗಿ ಏರಿಳಿಯುತ್ತಿತ್ತು. ಟೈಲರಮ್ಮ ಕತ್ತರಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿ ದಾರ ಕತ್ತರಿಸಿಯೇಬಿಟ್ಟಳು.

ಸಂಜೆ ಮಗಳು ತಾನಾಗಿಯೇ ಎದ್ದಳು. "ಅಮ್ಮಾ, ಬಸ್ ಹತ್ತಿದೆ! ಕಿಟಕಿ ಸೀಟು!" ಎಂದವಳು ಕೈಯಲ್ಲಿ ಜೋತಾಡುತ್ತಿದ್ದ ತುಂಡು ದಾರ ನೋಡಿ ಸಪ್ಪಗಾದಳು. "ನಿಂಗೂ ಸೀಟ್ ಹಿಡ್ದಿದ್ದೆ. ನೀನ್ಯಾಕೆ ಬರ್ಲಿಲ್ಲ?"