ಮೆತ್ತನೆ ವಿಭಾಗದಲ್ಲಿ ಗರಿಗರಿ ಕುಕಿ

ಆರ್ಡಿಸ್ ಬೆಳಿಗ್ಗೆ ಎದ್ದವಳೇ ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಕುಕಿಗಳು ಇದ್ದವು. ಮಲಗುವ ಮುಂಚೆ ಅವುಗಳ ಮೇಲೆ ಇಟ್ಟಿದ್ದ ಬ್ರೆಡ್ ಚೂರುಗಳು ಮಾತ್ರ ಇರಲಿಲ್ಲ.

"ಮೈಲೋ, ಇದರಲ್ಲಿದ್ದ ಬ್ರೆಡ್ಡೆಲ್ಲಿ?"

ಗಂಡನ ಮುಖಕ್ಕೆ ಅಡ್ಡವಿದ್ದ ದಿನಪತ್ರಿಕೆ ಇನ್ನೂ ಸ್ವಲ್ಪ ಮೇಲೇರಿತು. "ತಿಂದ್ಬಿಟ್ಟೆ. ಜಾಮ್ ಹಚ್ಕೊಂಡು."

"ಯಾವಾಗ?"

"ನೀನು ಮಲಗಿದ ಕೂಡಲೇ. ಬ್ರೆಡ್ಡು ಇನ್ನೂ ಮೆತ್ತಗಿತ್ತು ಕಣೆ."

"ಬ್ರೆಡ್ಡಲ್ಲ ಮಾರಾಯ, ಕುಕಿ ಮೆತ್ತಗಿರಬೇಕು!"

ಡಬ್ಬಿಯಲ್ಲಿ ಬ್ರೆಡ್ ಇಟ್ಟರೆ ಕುಕಿ ಅದರ ತೇವವನ್ನು ಎಳೆದುಕೊಂಡು ಮೆತ್ತಗಾಗುತ್ತದೆ, ಬ್ರೆಡ್ ಒಣಗಿ ಹಲಗೆಯಾಗುತ್ತದೆ. ಅಯೋವಾ ರಾಜ್ಯದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ ಇದು. ಆದರೆ ಈ ಉಪಾಯದ ಅಗತ್ಯ ಬಂದದ್ದೂ ಮೈಲೋನಿಂದಲೇ. ಆರ್ಡಿಸ್ ಬೆಣ್ಣೆ ಕರಗಿಸಿ, ಕಂದು ಸಕ್ಕರೆ ಜಾಸ್ತಿ ಹಾಕಿ, ಒಂದು ಮೊಟ್ಟೆಯ ಹಳದಿ ಭಾಗ ಹೆಚ್ಚಿಗೆ ಸೇರಿಸಿ, ಹಿಟ್ಟನ್ನು ಒಂದಿಡೀ ದಿನ ಫ್ರಿಜ್ಜಿನಲ್ಲಿ ತಣಿಸಿದ್ದಳು. ಓವನ್ನಿಗೆ ಇಟ್ಟ ಹೊತ್ತಿಗೆ ತಂಗಿಯ ಫೋನ್ ಬಂತು. "ನಡು ಹಸಿ ಕಾಣಿಸ್ತಿರುವಾಗಲೇ ಹೊರಗೆ ತೆಗಿ, ಮಿಕ್ಕಿದ್ದು ಬಿಸಿ ತಟ್ಟೆ ಮೇಲೇ ಬೇಯುತ್ತೆ" ಎಂದು ಗಂಡನಿಗೆ ಹೇಳಿ ಆರ್ಡಿಸ್ ಫೋನ್ ಹಿಡಿದು ಹೊರಗೆ ಹೋದಳು. ಮೈಲೋ ಗಾಜಿನೊಳಗೆ ಇಣುಕಿದ. ಹಸಿಯಾಗಿತ್ತು. ಹಸಿಯಾದದ್ದನ್ನು ಯಾರಾದರೂ ತೆಗೆಯುತ್ತಾರೆಯೇ ಎಂದು ಜವಾಬ್ದಾರಿಯುಳ್ಳ ಮನುಷ್ಯನಂತೆ ಅದು ಕೆಂಪಾಗುವವರೆಗೂ ಕಾದ.

ಆರ್ಡಿಸ್‌ಗೆ ಅಳುವೇ ಬಂದಿತು. ಕೌಂಟಿ ಮೇಳದ ಅಡುಗೆ ಸ್ಪರ್ಧೆಯ ಮೆತ್ತನೆ ಕುಕಿ ವಿಭಾಗದಲ್ಲಿ ಅವಳಿಗೆ ಪ್ರತಿ ಸಲವೂ ಎರಡನೆಯ ಸ್ಥಾನದ ಕೆಂಪು ರಿಬ್ಬನ್. ಮೊದಲನೆಯ ಸ್ಥಾನದ ನೀಲಿ ರಿಬ್ಬನ್ ಎದುರು ಮನೆಯ ಲವಾನ್‌ಗೆ. ಅದಾದರೂ ಹೋಗಲಿ. ಗೆದ್ದ ಮೇಲೆ ಲವಾನ್ ಬಂದು "ಮುಂದಿನ ವರ್ಷ ನಿಂದೇ ಬಿಡು" ಎಂದು ಭುಜ ತಟ್ಟುತ್ತಿದ್ದಳು. ಈ ವರ್ಷ ಆ ತಟ್ಟುವ ಕೈ ತನ್ನದಾಗಬೇಕು ಎಂಬುದೊಂದೇ ಆರ್ಡಿಸ್‌ಳ ಆಸೆ. ಮೇಳ ಇವತ್ತೇ. ಈಗ ವಿಭಾಗ ಬದಲಿಸುವ ಹಾಗಿಲ್ಲ, ಮತ್ತೆ ಬೇಯಿಸಲು ಸಮಯವಿಲ್ಲ, ಹೋಗದಿದ್ದರೆ ಲವಾನ್ ಯಾಕೆ ಎಂದು ಕೇಳದೆ ಬಿಡುವವಳಲ್ಲ. ಅವಳು ಕುಕಿಗಳನ್ನು ಕಾಗದದ ತಟ್ಟೆಯಲ್ಲಿ ಜೋಡಿಸಿಕೊಂಡು, ಗಂಡನ ಜೊತೆ ಒಂದೂ ಮಾತಾಡದೆ ಪಿಕಪ್ ಹತ್ತಿದಳು.

ಮೇಳದ ಹಾಲ್‌ನಲ್ಲಿ ತೀರ್ಪುಗಾರ್ತಿ ಎಲ್ಲರ ಎದುರಿಗೇ ಒಂದೊಂದು ಕುಕಿಯನ್ನೂ ಎರಡು ಕೈಯಲ್ಲಿ ಹಿಡಿದು ಬಗ್ಗಿಸುತ್ತಿದ್ದಳು. ಲವಾನ್‌ಳದು ವಿಧೇಯವಾಗಿ ಬಾಗಿತು. ಆರ್ಡಿಸ್‌ಳದು ಹಿಂದಿನ ಸಾಲಿಗೂ ಕೇಳುವಂತೆ ಫಟ್ ಎಂದಿತು.

"ಇದು ಮೆತ್ತನೆ ವಿಭಾಗ ಅಲ್ವೇನಮ್ಮ?" ಎಂದಳು ತೀರ್ಪುಗಾರ್ತಿ. ಯಾರೋ ಕಿಸಕ್ಕೆಂದರು. ಆರ್ಡಿಸ್ ತಲೆ ತಗ್ಗಿಸಿದಳು. ಮೈಲೋನ ಮುಖ ಮಾತ್ರ ಆ ಸದ್ದಿಗೆ ಅರಳಿತ್ತು.

ತೀರ್ಪುಗಾರರು ಒಂದು ಚೂರು ಕಚ್ಚಿ, ಒಂದು ಗುಟುಕು ನೀರು ಕುಡಿದು ಮುಂದಿನ ತಟ್ಟೆಗೆ ಹೋಗುವುದು ಪದ್ಧತಿ. ಈಕೆ ಚೂರು ಕಚ್ಚಿದಳು, ನೀರು ಮರೆತಳು, ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡಳು. ಲವಾನ್‌ಳ ಕುಕಿಯ ಗುಣಗಾನ ಮಾಡುತ್ತಿರುವಾಗ ಅವಳ ಕೈ ತನ್ನ ಪಾಡಿಗೆ ಆರ್ಡಿಸ್‌ಳ ತಟ್ಟೆಗೆ ಹೋಗಿ ಬರುತ್ತಿತ್ತು. ಕೊನೆಗೆ ನೀಲಿ ರಿಬ್ಬನ್ ಲವಾನ್‌ಗೇ ಸಿಕ್ಕಿತು. ಆರ್ಡಿಸ್‌ಗೆ ಈ ಸಲ ಕೆಂಪೂ ಇಲ್ಲ. ಭುಜ ತಟ್ಟಲು ಬಂದ ಲವಾನ್ ಮೇಜಿನ ಕಡೆ ನೋಡಿದಳು. ಅವಳ ತಟ್ಟೆಯಲ್ಲಿ ರಿಬ್ಬನ್ನೂ ಇತ್ತು, ಕುಕಿಯೂ ಇತ್ತು. ಆರ್ಡಿಸ್‌ಳದರಲ್ಲಿ ಎರಡೂ ಇರಲಿಲ್ಲ. ಎತ್ತಿದ ಕೈಯಿಂದ ಅವಳು ತನ್ನ ಕೂದಲನ್ನೇ ಸರಿಮಾಡಿಕೊಂಡು ಹೊರಟುಹೋದಳು.

ಹಿಂದಿರುಗುವಾಗ ಜೋಳದ ಹೊಲಗಳ ನಡುವೆ ಆರ್ಡಿಸ್ ಬಾಯಿ ಬಿಟ್ಟಳು. "ನಿಜ ಹೇಳು. ಆ ಬ್ರೆಡ್ ತಿಂದಿದ್ದು ಹಸಿವಿಗಾ?"

"ಅಲ್ಲ." ಮೈಲೋ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೆ ಗರಿಗರಿ ಕುಕಿ ಇಷ್ಟ. ಸಾಯೋದ್ರೊಳಗೆ ಒಂದ್ಸಲ ನಮ್ಮನೇಲಿ ತಿನ್ನೋಣ ಅಂತ."

"ಇಷ್ಟು ವರ್ಷ ಬಾಯಲ್ಲೇನಿಟ್ಕೊಂಡಿದ್ದೆ?"

"ನಿನ್ನ ಮೆತ್ತನೆ ಕುಕಿ." ಅವನು ಗಂಟಲು ಸರಿಮಾಡಿಕೊಂಡ. "ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಹೇಳಿದ್ದೆ, ನಮ್ಮಮ್ಮ ಮಾಡೋ ಥರ ಗರಿಗರಿಯಾಗಿ ಮಾಡೇ ಅಂತ. ವಾರಗಟ್ಲೆ ಮುಖ ಊದಿಸ್ಕೊಂಡಿದ್ದೆ ನೀನು. ಪಾಪ, ಇವಳಿಗದು ಬರಲ್ಲ, ಯಾಕೆ ನೋಯಿಸೋದು ಅಂತ ಸುಮ್ಮನಾದೆ."

"ಬರಲ್ಲ?" ಆರ್ಡಿಸ್ ಸೀಟಿನಲ್ಲಿ ನೆಟ್ಟಗೆ ಕೂತಳು. "ಬೆಣ್ಣೆ ಕರಗಿಸಬಾರದು. ಬಿಳಿ ಸಕ್ಕರೆ ಜಾಸ್ತಿ ಹಾಕ್ಬೇಕು. ಲೋಟದ ತಳದಿಂದ ಒತ್ತಿ ತೆಳ್ಳಗೆ ಮಾಡ್ಬೇಕು, ಅಂಚು ಕೆಂಪಾಗೋವರೆಗೂ ಓವನ್ ಬಾಗಿಲು ಮುಟ್ಟಬಾರದು. ಮದುವೆಗೆ ಮುಂಚೇನೇ ನಿಮ್ಮಮ್ಮ ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಹೇಳ್ಕೊಟ್ಟಿದ್ರು."

ಮೈಲೋ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿಯೇ ಬಿಟ್ಟ. "ಗೊತ್ತಿತ್ತಾ? ಮತ್ಯಾಕೆ ಒಂದ್ ದಿನಾನೂ ಮಾಡ್ಲಿಲ್ಲ?"

"ಮಾಡ್ಬೋದಿತ್ತು," ಎಂದಳು ಆರ್ಡಿಸ್. "ಆದ್ರೆ ಬೆವರು ಸುರಿಸ್ಕೊಂಡು ಬೇಯಿಸೋಳು ನಾನು, ಕಚ್ಚಿದ ಕೂಡ್ಲೆ ನೀನು ಹೊಗಳೋದು ನಿಮ್ಮಮ್ಮನ್ನ."