ಬೂಟುಗಾಲಿನ ಹಡಗು

ಹಳೆಕೋಡಿಯನ್ನು ಕಡಲು ನುಂಗಿ ಇಪ್ಪತ್ತು ವರ್ಷವಾಗಿದ್ದರೂ ಅಲ್ಲಿಯವರ ಪದ್ಧತಿ ತಪ್ಪಿರಲಿಲ್ಲ. ಮುಳುಗಿದ ಊರಿನ ಮೇಲೆ ಹಾದುಹೋಗುವ ದೋಣಿ ಬೊಬ್ಬರ್ಯ ದೈವದ ಗುಡಿಯ ನೇರಕ್ಕೆ ಬಂದೊಡನೆ ಎಲ್ಲರೂ ಚಪ್ಪಲಿ ಕಳಚುತ್ತಿದ್ದರು. ಗುಡಿ ಆರು ಮಾರು ಆಳದಲ್ಲಿತ್ತು.

ವನಿತಾ ಕೂಡ ಕಳಚಿದಳು. ಅವಳು ಅದೇ ಊರಿನ ಮಗಳು. ಇಲ್ಲಿ ಗಾಳಿಯಂತ್ರ ನೆಡಲು ಯಾವ ಹಡಗು ಬರಬೇಕೆಂದು ಆರಿಸುವ ಕೆಲಸ ಈಗ ಅವಳದು.

"ತೇಲುವ ಹಡಗನ್ನೇ ತರಿಸ್ತೆ ಅಂದಿದ್ಯಲ್ದಾ ಮಗಾ," ದೋಣಿ ನಡೆಸುತ್ತಿದ್ದ ಶೀನ ಮೊಗವೀರ ಕೇಳಿದ. "ಅದೇ ಬರುದಲ್ದಾ?"

"ಅದಕ್ಕೆ ನಾಲ್ಕು ವರ್ಷ ಕಾಯ್ಬೇಕಂತೆ ಮಾವ. ಕಾಲಿನ ಹಡಗಿಗೆ ಸಹಿ ಹಾಕಿದೆ."

ಕಾಲಿನ ಹಡಗು ತೇಲುತ್ತ ಕೆಲಸ ಮಾಡುವುದಿಲ್ಲ, ನಾಲ್ಕು ಕಬ್ಬಿಣದ ಕಾಲುಗಳನ್ನು ಕಡಲ ತಳಕ್ಕೆ ಊರಿ ನಿಲ್ಲುತ್ತದೆ. ಒಂದೊಂದು ಕಾಲಿನ ಅಡಿಗೂ ಮನೆಯಷ್ಟು ಅಗಲದ ಉಕ್ಕಿನ ಪಾದ. ಬಂದರಿನವರೆಲ್ಲ ಅದನ್ನು ಬೂಟು ಎನ್ನುತ್ತಾರೆ.

"ಕಾಲು ಎಲ್ಲಿ ಊರುದು?"

"ಸುತ್ತ ಬರೀ ಕೆಸರು. ಗಟ್ಟಿ ಇರುದು ಗುಡಿಯ ಬಂಡೆ ಒಂದೇ."

ದೋಣಿ ಇನ್ನೂ ಗುಡಿಯ ಮೇಲೆಯೇ ಇತ್ತು. ಶೀನ ಬೈಯುತ್ತಾನೆಂದು ವನಿತಾ ಕಾದಳು. ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಅವನು ಕಾಲಿನಿಂದಲೇ ತನ್ನ ಚಪ್ಪಲಿ ತಡಕಿ ಮೆಟ್ಟಿಕೊಂಡ. ಆಮೇಲೆ ಅವಳದನ್ನೂ ಅವಳ ಮುಂದಕ್ಕೆ ಸರಿಸಿದ.

"ಹಾಕ್ಕೋ ಮಗಾ," ಎಂದ. "ನಿನ್ನ ಹಡಗು ಬೂಟು ಬಿಚ್ಚುದಿಲ್ಲ. ನಾವ್ಯಾಕೆ ಬರಿಗಾಲಲ್ಲಿ ಕೂತ್ಕಂಬುದು?"