ಶೇಖರಮ್ಮನ ಅವ್ವನ ಹೆಸರು

“ಯಾರೂ ಬರದಿಟ್ಟಿಲ್ಲ, ಕೇಳಿದವರೂ ಇಲ್ಲ. ಮತ್ತ ಆ ಮಾತು ಇತ್ತಂತ ಹೆಂಗ ಗೊತ್ತಾತು?” ಶೇಖರಮ್ಮ ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿದಳು.

ಇಂಗ್ಲಿಷ್ ಎಂ.ಎ. ಮಾಡುವ ಮೊಮ್ಮಗಳು ಶಿವಕುಮಾರಿ ಪರೀಕ್ಷೆಗೆ ಭಾಷಾಚರಿತ್ರೆಯ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. “ಅದರ ಮಕ್ಕಳಿಂದ, ಆಯಿ. ಇಂಗ್ಲಿಷಿನ್ಯಾಗ ‘ಬೇರ್’, ಜರ್ಮನ್‌ದಾಗ ‘ಗೆಬೇರೆನ್’, ಡಚ್‌ದಾಗ ‘ಬಾರೆನ್’. ಎಲ್ಲಾ ಹೆರೋದಕ್ಕ ಅನ್ನೋ ಮಾತು. ಜೋಡಿಸಿ ನೋಡಿ, ಇವಕ್ಕೆಲ್ಲಾ ತಾಯಿ ‘ಬೆರನ’ ಇದ್ದಿರಬೇಕಂತ ತೆಗದಾರ.”

ಶೇಖರಮ್ಮ ಬೆಳ್ಳುಳ್ಳಿ ಬಿಟ್ಟಳು. “ಹಂಗಾರ ನಮ್ಮವ್ವನ ಹೆಸರೂ ತೆಗಿ.”

ಶೇಖರಮ್ಮನನ್ನು ಹೆತ್ತು ತಾಯಿ ಅಂದೇ ತೀರಿಕೊಂಡಿದ್ದಳು. ಆಕೆಯ ಹೆಸರು ಮಸ್ಕಿಯಲ್ಲಿ ಈಗ ಯಾರಿಗೂ ಗೊತ್ತಿಲ್ಲ. ನಾಳೆ ಶಿವಕುಮಾರಿಯ ಅಣ್ಣನ ಕೂಸಿಗೆ ತೊಟ್ಟಿಲು. ಇಟ್ಟರೆ ಅದೇ ಹೆಸರು ಇಡಬೇಕೆಂದು ಮುದುಕಿಯ ಹಟ. ಸಿಗದಿದ್ದರೆ ಲಿಂಗಸುಗೂರು ತವರಿನ ಬಾಣಂತಿ ರಾಜಶ್ರೀ ಆರಿಸಿಕೊಂಡ ‘ಆದ್ಯಾ’ ಇದ್ದೇ ಇತ್ತು.

ಸತ್ತವರ ಹೆಸರನ್ನು ಹುಟ್ಟಿದ ಕೂಸಿಗೆ ಇಡುವುದು ಅವರಲ್ಲಿ ರೂಢಿ. ಇಟ್ಟ ಮೇಲೆ, ಹಿರಿಯರ ಹೆಸರು ಹಿಡಿದು ಬೈದಂತಾಗಬಾರದೆಂದು ಅದನ್ನು ತುಂಡು ಮಾಡಿ ಕರೆಯುತ್ತಾರೆ. ಶಿವಕುಮಾರಿ ಫೋನ್ ಹಚ್ಚಿದಳು. ಸತ್ತಾಕೆಯ ಅಕ್ಕನನ್ನು ಗುರುಗುಂಟಾಕ್ಕೆ ಕೊಟ್ಟಿದ್ದರು. ಅವಳ ಮೊಮ್ಮಗಳು ಈರಮ್ಮ. ತಂಗಿಯನ್ನು ಪಾಮನಕಲ್ಲೂರಿಗೆ, ಅವಳ ಮಗಳು ಭದ್ರವ್ವ. ಇಬ್ಬರಿಗೂ ಸತ್ತಾಕೆಯ ಹೆಸರನ್ನೇ ಇಟ್ಟಿದ್ದಂತೆ. ಪೂರ್ತಿ ಹೆಸರು ಏನೆಂದು ಇಬ್ಬರಿಗೂ ಗೊತ್ತಿಲ್ಲ.

“ನಿಮ್ಮ ಮಸ್ಕ್ಯಾಗ ಎಲ್ಲಾರೂ ಆಕೀನ ಸಿಂಧನೂರಾಕಿ, ಸಿಂಧನೂರಾಕಿ ಅಂತಿದ್ರಂತ,” ಭದ್ರವ್ವ ಫೋನಿನಲ್ಲೇ ನಕ್ಕಳು. “ತವರೂರು ಹಿಡದು ಕರದ್ರ ಹೆಸರು ಎಲ್ಲಿ ಉಳೀತೈತಿ, ನೀನ ಹೇಳವ್ವಾ?”

ಶಿವಕುಮಾರಿ ಫೋನ್ ಇಟ್ಟಳು. “ಒಬ್ಬಾಕಿ ಈರಮ್ಮ, ಒಬ್ಬಾಕಿ ಭದ್ರವ್ವ. ವೀರಭದ್ರಮ್ಮ ಇದ್ದಿರಬೇಕು, ಆಯಿ. ಖಾತ್ರಿ ಇಲ್ಲ ಮತ್ತ.”

“ಖಾತ್ರಿ ತೊಗೊಂಡು ಏನ್ ಉಪ್ಪಿನಕಾಯಿ ಹಾಕ್ಲೇನು? ನಾಳೆ ಅದನ್ನ ಕೂಗು.”

“ನಿಮ್ಮ ಮನಸಿಗೆ ಬಂದದ್ದ ಇಡ್ರಿ,” ಕೋಣೆಯೊಳಗಿಂದ ರಾಜಶ್ರೀ ಅಂದಳು.

ಮರುದಿನ ಸೋದರತ್ತೆ ಶಿವಕುಮಾರಿ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಿದಳು. ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಶೇಖರಮ್ಮ ಕೂಸನ್ನು ಎತ್ತಿಕೊಂಡು, ಆ ಹೆಸರನ್ನು ಒಂದಕ್ಷರ ತುಂಡು ಮಾಡದೆ, ಕರೆದಳು, ಮತ್ತೆ ಕರೆದಳು. ಕೂಸು ಅಳತೊಡಗಿತು. ಮುದುಕಿ ಕೋಣೆಯ ಕಡೆ ತಿರುಗಿ ಕೂಗಿದಳು:

“ಏ ಲಿಂಗಸುಗೂರಾಕಿ, ಲಗೂನ ಬಾ! ನಮ್ಮ ವೀರಭದ್ರಮ್ಮಗ ಹಸಿವ್ಯಾಗೈತಿ.”

ರಾಜಶ್ರೀ ಎದ್ದು ಬಂದಳು.